ಸಂಪಾದಕರ ಉತ್ತರ: ಬೆಂಕಿ ಇಟ್ಟವರು, ಅಡ್ಡ ನಿಂತವರು

ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧದ ಯೋಧರ ಸ್ಮಾರಕದ ಬಗ್ಗೆ ಬರೆಯುತ್ತ ಅಮೆರಿಕನ್ ಸೈನಿಕರ ತ್ಯಾಗವನ್ನು ಕೊಂಡಾಡಿದ್ದೀರಿ. ಯಾರದೋ ಊರಿಗೆ ಹೋಗಿ ಬೆಂಕಿ ಇಟ್ಟವರಿಗೆ ವೀರರ ಪಟ್ಟವೇ? ಆ ಸ್ಮಾರಕದ ಗೋಡೆಯ ಕಲ್ಲು ಬೆಂಗಳೂರಿನದು ಎಂದಿದ್ದೀರಿ, ಅದಾದರೂ ನಿಜವೇ?" (ಧಾರವಾಡದ ಓದುಗರೊಬ್ಬರು)

ಮಾನ್ಯರೇ,

ನಿಮ್ಮ ಸಿಟ್ಟಿಗೆ ಕಾರಣವಿದೆ. ಆ ಯುದ್ಧವನ್ನು ಸಮರ್ಥಿಸುವ ಇರಾದೆ ನಮಗೂ ಇಲ್ಲ. ಸತ್ತ ವಿಯೆಟ್ನಾಮೀಯರು ಹತ್ತಾರು ಲಕ್ಷ; ಅವರ ಹೆಸರು ಆ ಗೋಡೆಯ ಮೇಲಿಲ್ಲ. ಆದರೆ ಯುದ್ಧ ಹೂಡಿದವರ ಹೊಣೆಯನ್ನೆಲ್ಲ ಅಲ್ಲಿಗೆ ಹೋದ ಹುಡುಗರ ಹೆಗಲಿಗೆ ಹೇರಲು ಮನಸ್ಸು ಒಪ್ಪುವುದಿಲ್ಲ. ಎಷ್ಟೋ ಮಂದಿ ಕಡ್ಡಾಯ ಭರ್ತಿಯ ಕಾಗದ ಬಂತೆಂದು ಹೊರಟವರು. ಸ್ಮಾರಕವಾಗಲೇಬೇಕೆಂದು ಪಟ್ಟು ಹಿಡಿದ ಜ್ಯಾನ್ ಸ್ಕ್ರಗ್ಸ್ ಕೂಡ ಅಲ್ಲಿ ಗಾಯಗೊಂಡು ಮರಳಿದವರೇ. ಜನರ ದೇಣಿಗೆಯಿಂದ ಅದು 1982ರಲ್ಲಿ ಎದ್ದು ನಿಂತಿತು. ವಿನ್ಯಾಸ ಮಾಯಾ ಲಿನ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿನಿಯದು. ಕುದುರೆ ಏರಿದ ಸೇನಾಪತಿಯಿಲ್ಲ, ಗೆಲುವಿನ ಮಾತಿಲ್ಲ. ಗೋಡೆಯ ತುಂಬ ಬಲಿಯಾದ ಅಮೆರಿಕನ್ನರ 58,000ಕ್ಕೂ ಹೆಚ್ಚು ಹೆಸರುಗಳು, ಬಲಿಯಾದ ದಿನಾಂಕದ ಸರದಿಯಲ್ಲಿ. ಅಧಿಕಾರಿಯೋ ಸಿಪಾಯಿಯೋ ತಿಳಿಯದಂತೆ. ಕಪ್ಪು ಗೋಡೆಯೇ ಅವಮಾನ ಎಂದು ಕೆಲವು ಮಾಜಿ ಸೈನಿಕರು ಜಗಳ ತೆಗೆದರು. ಅವರ ಸಮಾಧಾನಕ್ಕೆಂದು 1984ರಲ್ಲಿ ಪಕ್ಕದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆ ಬಂತು. ನನ್ನ ಮಟ್ಟಿಗೆ ಅದು ಬೇಕಿರಲಿಲ್ಲ.

ಬೆಂಕಿ ಇಟ್ಟವರು ಅಂದಿರಿ. ಇಟ್ಟರು, ಸುಳ್ಳಲ್ಲ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕನ್ ಪಡೆ ನೂರಾರು ನಿರಾಯುಧ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದಿತು. ಅದೇ ಬೆಳಗ್ಗೆ ಮೇಲೆ ಹೆಲಿಕಾಪ್ಟರ್ ಹಾರಿಸುತ್ತಿದ್ದ ಹ್ಯೂ ಥಾಂಪ್ಸನ್ ಎಂಬ ಯುವಕ ಅದನ್ನು ಕಂಡ. ಓಡುತ್ತಿದ್ದ ಹಳ್ಳಿಗರಿಗೂ ಬೆನ್ನಟ್ಟಿದ್ದ ತನ್ನದೇ ಸೈನ್ಯದವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮ ಸೈನಿಕರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ಆ ಸೈನಿಕರ ಮೇಲೆ ಹಾರಿಸಿ ಎಂದು ಜೊತೆಗಿದ್ದ ಲಾರೆನ್ಸ್ ಕೋಲ್ಬರ್ನ್, ಗ್ಲೆನ್ ಆಂಡ್ರಿಯೊಟ್ಟಾ ಇಬ್ಬರಿಗೂ ಹೇಳಿದ. ಬೇರೆ ಹೆಲಿಕಾಪ್ಟರ್ ಕರೆಸಿ ಹಳ್ಳಿಗರನ್ನು ಸಾಗಿಸಿದರು. ಆಮೇಲೆ ಹೆಣ ತುಂಬಿದ ಹಳ್ಳಕ್ಕೆ ಆಂಡ್ರಿಯೊಟ್ಟಾ ಇಳಿದು, ಉಸಿರಾಡುತ್ತಿದ್ದ ಮಗುವೊಂದನ್ನು ಎತ್ತಿ ತಂದ.

ಶತ್ರುವಿನ ಎದುರು ನಿಲ್ಲುವುದಕ್ಕೆ ತರಬೇತಿ ಕೊಡುತ್ತಾರೆ, ಪಕ್ಕದಲ್ಲಿ ಜೊತೆಗಾರರಿರುತ್ತಾರೆ. ತನ್ನವರಿಗೇ ಅಡ್ಡ ನಿಲ್ಲುವವನಿಗೆ ಯಾರಿದ್ದಾರೆ? ತನಿಖೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಥಾಂಪ್ಸನ್‌ಗೆ ದ್ರೋಹಿ ಎಂಬ ಬೈಗುಳ, ಕೊಲೆ ಬೆದರಿಕೆ ಸಿಕ್ಕವು. ಸೈನ್ಯ ಮೂವರಿಗೂ ಸೋಲ್ಜರ್ಸ್ ಮೆಡಲ್ ಎಂಬ ಶೌರ್ಯ ಪದಕ ಕೊಟ್ಟದ್ದು 1998ರಲ್ಲಿ, ಮೂವತ್ತು ವರ್ಷ ಬಿಟ್ಟು. ಸಮಾರಂಭ ನಡೆದದ್ದು ನೀವು ಬೇಡವೆಂದ ಆ ಗೋಡೆಯ ಬಳಿಯೇ. ಆಂಡ್ರಿಯೊಟ್ಟಾ ಬರುವಂತಿರಲಿಲ್ಲ, ಮೈ ಲಾಯ್ ನಡೆದ ಮುಂದಿನ ತಿಂಗಳೇ ಯುದ್ಧದಲ್ಲಿ ಸತ್ತಿದ್ದ. ಗೋಡೆಯ ಹೆಸರುಗಳಲ್ಲಿ ಅವನದೂ ಒಂದು. ಅದನ್ನು ಅಳಿಸಿ ಎನ್ನುತ್ತೀರಾ? ನೀವು ಹಾಗೆನ್ನಲಾರಿರಿ ಎಂಬ ನಂಬಿಕೆ ನನಗಿದೆ.

ಇನ್ನು ಕಲ್ಲಿನ ವಿಷಯ. ಹೌದು, ಕಪ್ಪು ಗ್ರಾನೈಟ್ ಹೋದದ್ದು ಬೆಂಗಳೂರಿನಿಂದಲೇ. ಕೊಯ್ದು ನಯ ಮಾಡಿದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿಯಲ್ಲಿ, ಅಕ್ಷರ ಮೂಡಿಸಿದ್ದು ಮೆಂಫಿಸ್‌ನಲ್ಲಿ. ಕೆನಡಾ, ಸ್ವೀಡನ್‌ಗಳಲ್ಲೂ ಒಳ್ಳೆಯ ಕರಿಗಲ್ಲು ಇತ್ತು. ಸೇನಾ ಭರ್ತಿ ತಪ್ಪಿಸಿಕೊಂಡವರು ಓಡಿಹೋಗಿದ್ದು ಆ ದೇಶಗಳಿಗೇ ಆದ್ದರಿಂದ ಅಲ್ಲಿನ ಕಲ್ಲು ಬೇಡವೆಂದು ಮಾಜಿ ಸೈನಿಕರು ಹಟ ಹಿಡಿದರು.