ಪೀನಿಯಲ್ ಗ್ರಂಥಿಗೆ ಪಟ್ಟ ಕಟ್ಟಬೇಡಿ

ಪ್ರಿಯ ಲೇಖಕಿಯವರೇ,

‘ದೇಹದ ರಾತ್ರಿರಾಜ’ ಎಂಬ ತಲೆಬರಹದಲ್ಲಿ ತಾವು ಕಳುಹಿಸಿದ, ಮೆದುಳಿನೊಳಗಿನ ಪೀನಿಯಲ್ ಗ್ರಂಥಿ ಮತ್ತು ಅದು ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಕುರಿತ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ವಿಜ್ಞಾನವನ್ನು ಕನ್ನಡದಲ್ಲೇ ಬರೆಯುವ ತಮ್ಮ ಹಟ ಮೆಚ್ಚತಕ್ಕದ್ದು. ಆದರೂ ಹಸ್ತಪ್ರತಿಯನ್ನು ಮೂರು ಸಲ ಕೆಳಗಿಟ್ಟು ಮೂರು ಸಲ ಎತ್ತಿಕೊಂಡೆ. ಕಾರಣ ಎರಡೇ ವಾಕ್ಯಗಳು. ಉಳಿದದ್ದರ ಗೊಡವೆಗೆ ಈಗ ಹೋಗುವುದಿಲ್ಲ.

ಮೊದಲನೆಯದು ಎರಡನೆಯ ಪುಟದಲ್ಲಿದೆ: “ಅವರೆಕಾಳಿಗಿಂತ ಚಿಕ್ಕದಾದ ಪೀನಿಯಲ್ ಗ್ರಂಥಿಯು ನಮ್ಮ ಜೈವಿಕ ಗಡಿಯಾರವನ್ನು ಆಳುತ್ತದೆ, ಅದು ಸ್ರವಿಸುವ ನಿದ್ರೆಯ ಹಾರ್ಮೋನ್ ನಮ್ಮನ್ನು ಮಲಗಿಸುತ್ತದೆ.”

ಅವರೆಕಾಳು ಸರಿ, ಚೆನ್ನಾಗಿಯೂ ಇದೆ. ನನ್ನ ತಕರಾರು ‘ಆಳುತ್ತದೆ’ ಎಂಬ ಕ್ರಿಯಾಪದದ ಮೇಲೆ. ಬೆಳಕು ಕಣ್ಣಿಗೆ ಬಿದ್ದಾಗ ಅಕ್ಷಿಪಟಲದ ಕೆಲವು ವಿಶಿಷ್ಟ ಕೋಶಗಳು ಆ ಸುದ್ದಿಯನ್ನು ಮೆದುಳಿನ ಬುಡದ ಹೈಪೋಥಲಾಮಸ್ ಎಂಬ ಭಾಗದಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿಗೆ ಮುಟ್ಟಿಸುತ್ತವೆ. ನಮ್ಮ ಮುಖ್ಯ ಗಡಿಯಾರ ಇರುವುದು ಅಲ್ಲಿ. ಅಲ್ಲಿಂದ ಹೊರಟ ಸಂಕೇತ ಹತ್ತಿರದಲ್ಲೇ ಇರುವ ಪೀನಿಯಲ್‌ಗೆ ನೇರವಾಗಿ ಹೋಗದೆ, ಬೆನ್ನುಹುರಿಯಲ್ಲಿ ಇಳಿದು, ಕುತ್ತಿಗೆಯ ನರಗಂಟನ್ನು ಹಾದು, ಮತ್ತೆ ತಲೆಗೇರಿ ಅದನ್ನು ತಲುಪುತ್ತದೆ. ಕತ್ತಲಾದ ಮೇಲೆ ಆ ನರದ ತುದಿಗಳಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಒಸರುತ್ತದೆ, ಗ್ರಂಥಿಯು ತನ್ನಲ್ಲಿರುವ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಮೆಲಟೋನಿನ್ ಆಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ನಡುರಾತ್ರಿಯಲ್ಲಿ ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ ಸ್ರಾವ ಕುಗ್ಗಿಬಿಡುತ್ತದೆ. ಮನುಷ್ಯರಲ್ಲಿ ಇದನ್ನು ತೋರಿಸಿಕೊಟ್ಟದ್ದು 1980ರಲ್ಲಿ. ಇಷ್ಟು ಸುತ್ತುದಾರಿಯನ್ನು ತಾವು ಒಂದೇ ಕ್ರಿಯಾಪದದಲ್ಲಿ ನುಂಗಿಹಾಕಿದ್ದೀರಿ. ಊರಿನಲ್ಲಿ ಡಂಗುರ ಸಾರುವವನನ್ನೇ ಊರಗೌಡನೆಂದು ಕರೆದಂತಾಯಿತು.

ತಮ್ಮ ವಾಕ್ಯ ಹೆಚ್ಚುಕಡಿಮೆ ನಿಜವಾಗುವ ಜೀವಿಯೊಂದಿದೆ, ಅದು ಗುಬ್ಬಚ್ಚಿ. ಪೀನಿಯಲ್ ತೆಗೆದ ಗುಬ್ಬಚ್ಚಿಯನ್ನು ಸದಾ ಕತ್ತಲೆಯಲ್ಲಿಟ್ಟರೆ ಅದರ ದಿನದ ಲಯವೇ ಕಳೆದುಹೋಗುತ್ತದೆ ಎಂದು 1968ರಲ್ಲಿ ಗ್ಯಾಸ್ಟನ್ ಮತ್ತು ಮೆನೇಕರ್ ಎಂಬ ವಿಜ್ಞಾನಿಗಳು ತೋರಿಸಿದರು. ಇಲಿಯಲ್ಲಿ ಹಾಗಾಗುವುದಿಲ್ಲ, ಪೀನಿಯಲ್ ತೆಗೆದರೂ ಅದರ ಓಡಾಟದ ಲಯ ಉಳಿಯುತ್ತದೆ, ಮೇಲೆ ಹೇಳಿದ ನರಕೋಶಗಳ ಗುಂಪನ್ನು ನಾಶಮಾಡಿದರೆ ಮಾತ್ರ ಅಳಿಯುತ್ತದೆ. ಈ ಎರಡು ಪ್ರಾಣಿಗಳನ್ನು ಅಕ್ಕಪಕ್ಕದಲ್ಲಿಟ್ಟಿದ್ದರೆ ತಮ್ಮ ಎರಡನೆಯ ಪುಟ ತಾನಾಗಿಯೇ ಜೀವ ತಳೆಯುತ್ತಿತ್ತು.

‘ನಿದ್ರೆಯ ಹಾರ್ಮೋನ್’ ಎಂಬುದಕ್ಕೂ ಇಲಿಯೇ ಉತ್ತರ. ರಾತ್ರಿಯೆಲ್ಲ ಅಟ್ಟದ ಮೇಲೆ ಓಡಾಡುವ ಇಲಿಯ ರಕ್ತದಲ್ಲೂ ಮೆಲಟೋನಿನ್ ಏರುವುದು ರಾತ್ರಿಯಲ್ಲೇ, ಅಂದರೆ ಅದು ಪೂರ್ತಿ ಎಚ್ಚರವಿರುವಾಗ. ಈ ವಸ್ತು ಹೇಳುವುದು ‘ಈಗ ಕತ್ತಲೆ’ ಎಂಬ ಸುದ್ದಿಯನ್ನು. ಅದನ್ನು ಕೇಳಿ ಮಲಗಬೇಕೋ ಬೇಟೆಗೆ ಹೊರಡಬೇಕೋ ಎಂಬುದು ಆಯಾ ಪ್ರಾಣಿಗೆ ಬಿಟ್ಟ ವಿಚಾರ. ಕುರಿಯಂಥ ಪ್ರಾಣಿಗಳಿಗಂತೂ ಈ ಸುದ್ದಿ ಎಷ್ಟು ಹೊತ್ತು ಮುಂದುವರಿಯಿತು ಎಂಬುದರಿಂದಲೇ ರಾತ್ರಿ ಉದ್ದವಾಗುತ್ತಿರುವುದು ತಿಳಿದು, ಬೆದೆಯ ಕಾಲ ನಿಶ್ಚಯವಾಗುತ್ತದೆ. ಹೆಸರಿನಲ್ಲೂ ನಿದ್ರೆಯ ಸುಳಿವಿಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಏರನ್ ಲರ್ನರ್ ದನಗಳ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದಾಗ ಅವರ ಗಮನವಿದ್ದದ್ದು ಕಪ್ಪೆಯ ಚರ್ಮವನ್ನು ಬಿಳಿಚಿಸುವ ಅದರ ಗುಣದ ಮೇಲೆ, ಹೆಸರಿನ ‘ಮೆಲ’ ಬಂದದ್ದೂ ಚರ್ಮದ ಬಣ್ಣದ ಕಡೆಯಿಂದಲೇ.

ಕ್ರಿಯಾಪದದ ಬಗ್ಗೆ ಇಷ್ಟು ಹಟ ಏಕೆಂದು ಹೇಳಿಬಿಡುತ್ತೇನೆ. ನಾನು ದಿನಪತ್ರಿಕೆಯೊಂದರ ರಾತ್ರಿಪಾಳಿಯಲ್ಲಿ ಕರಡು ತಿದ್ದಲು ಸೇರಿದ ಹೊಸತರಲ್ಲಿ, ಹಿರಿಯ ಉಪಸಂಪಾದಕರೊಬ್ಬರು ನನ್ನ ಸುದ್ದಿಗಳಲ್ಲಿ ಕ್ರಿಯಾಪದಗಳಿಗೆ ಮಾತ್ರ ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆದು “ಇದನ್ನು ಮಾಡಿದ್ದು ಯಾರಪ್ಪ?” ಎಂದು ಕೇಳುತ್ತಿದ್ದರು. ‘ಮಳೆಯು ಬೆಳೆಯನ್ನು ನಾಶಮಾಡಿತು’ ಎಂದು ಒಮ್ಮೆ ಬರೆದಿದ್ದೆ. ಮತ್ತೆ ವಿಚಾರಿಸಿ ನೋಡಿದರೆ ಅಲ್ಲಿ ಸುರಿದದ್ದು ಸಾಧಾರಣ ಮಳೆ. ದುರಸ್ತಿ ಕಾಣದ ಕೆರೆಯ ಏರಿ ಒಡೆದು ನೀರು ಗದ್ದೆಗೆ ನುಗ್ಗಿತ್ತು. ಅಂದಿನಿಂದ ಯಾರಾದರೂ ‘ಆಳುತ್ತದೆ’, ‘ನಿಯಂತ್ರಿಸುತ್ತದೆ’ ಎಂದು ಬರೆದರೆ ನನ್ನ ಕೈ ಪೆನ್ಸಿಲಿಗಾಗಿ ತಡಕಾಡುತ್ತದೆ.

ಅದೇ ಪಾಳಿಯ ನೆನಪು ತಮ್ಮ ಎರಡನೆಯ ತಪ್ಪಿನ ಹತ್ತಿರಕ್ಕೂ ಕರೆದೊಯ್ಯುತ್ತದೆ. ಐದನೆಯ ಪುಟದಲ್ಲಿ ತಾವು “ಮೆಲಟೋನಿನ್ ಚಯಾಪಚಯವನ್ನು ಚುರುಕುಗೊಳಿಸಿ ಕೊಬ್ಬನ್ನು ಕರಗಿಸುತ್ತದೆ” ಎಂದಿದ್ದೀರಿ. ಇದು ಮಾತ್ರೆಯ ಡಬ್ಬಿಯ ಮೇಲಿನ ಭಾಷೆ. ಇಲಿಗಳಲ್ಲಿ ಮೈ ಬೆಚ್ಚಗಿಡುವ ಕಂದು ಕೊಬ್ಬಿನ ಮೇಲೆ ಕಂಡ ಪರಿಣಾಮವನ್ನು ಓದುಗರ ಸೊಂಟಕ್ಕೆ ತಂದು ಕಟ್ಟಬಾರದು. ಮನುಷ್ಯರ ವಿಷಯದಲ್ಲಿ ಹೇಳಬೇಕಾದ ಕಥೆ ಬೇರೆಯೇ ಇದೆ, ಹೆಚ್ಚು ಸ್ವಾರಸ್ಯಕರವೂ ಆಗಿದೆ. ಮೇದೋಜೀರಕದಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳ ಮೇಲೂ ಮೆಲಟೋನಿನ್‌ನ ಸುದ್ದಿಯನ್ನು ಹಿಡಿಯುವ ಗ್ರಾಹಕಗಳಿವೆ. ಅಂಥ ಒಂದು ಗ್ರಾಹಕದ ಜೀನ್, ಅಂದರೆ ಎಂಟಿಎನ್‌ಆರ್1ಬಿ, ಕೆಲವರಲ್ಲಿ ಬೇರೆ ರೂಪದಲ್ಲಿರುತ್ತದೆ. ಅಂಥವರಲ್ಲಿ ಉಪವಾಸದ ರಕ್ತದ ಸಕ್ಕರೆ ತುಸು ಹೆಚ್ಚಿರುತ್ತದೆ, ಎರಡನೆಯ ಬಗೆಯ ಮಧುಮೇಹದ ಸಂಭವವೂ ಹೆಚ್ಚು ಎಂದು 2009ರಲ್ಲಿ ಹಲವು ತಂಡಗಳು ಒಟ್ಟಿಗೆ ವರದಿ ಮಾಡಿದವು. ಸ್ಪೇನ್ ದೇಶದ ಸ್ವಯಂಸೇವಕರಿಗೆ ಮಲಗುವುದಕ್ಕೆ ನಾಲ್ಕು ಗಂಟೆ ಮುಂಚೆ ಒಂದು ದಿನ, ಒಂದು ಗಂಟೆ ಮುಂಚೆ ಇನ್ನೊಂದು ದಿನ ಗ್ಲೂಕೋಸ್ ಕುಡಿಸಿ ನೋಡಿದಾಗ, ತಡವಾಗಿ ಕುಡಿದ ದಿನ ಮೆಲಟೋನಿನ್ ಏರಿತ್ತು, ಇನ್ಸುಲಿನ್ ಇಳಿದಿತ್ತು, ಸಕ್ಕರೆ ಮೇಲೇ ನಿಂತಿತ್ತು.

ಬೆಳಗಿನ ಜಾವ ಎರಡು ಗಂಟೆಗೆ ಕೊನೆಯ ಪುಟ ಅಚ್ಚಿಗೆ ಹೋದ ಮೇಲೆ ನಾವು ಕ್ಯಾಂಟೀನಿನಲ್ಲಿ ಆರಿದ ಚಿತ್ರಾನ್ನವನ್ನು ಎರಡೆರಡು ತಟ್ಟೆ ತಿನ್ನುತ್ತಿದ್ದೆವು. ಆ ಬೆಂಚಿನ ಮೇಲೆ ಕೂತವರಲ್ಲಿ ನನ್ನನ್ನೂ ಸೇರಿಸಿ ಮೂವರಿಗೆ ಈಗ ಮಧುಮೇಹ. ಅದನ್ನು ಚಿತ್ರಾನ್ನದ ತಲೆಗೆ ಕಟ್ಟಿದರೆ ನಮ್ಮ ಉಪಸಂಪಾದಕರು ಆ ಕ್ರಿಯಾಪದಕ್ಕೂ ಅಡಿಗೆರೆ ಎಳೆದಾರು, ಆದುದರಿಂದ ಕಟ್ಟುವುದಿಲ್ಲ. ಆದರೆ ಈಗ ಬೆಂಗಳೂರಿನ ಕಚೇರಿಗಳಲ್ಲಿ ಅದೇ ಹೊತ್ತಿನಲ್ಲಿ ಪ್ರಖರ ದೀಪದ ಕೆಳಗೆ ಊಟಕ್ಕೆ ಕೂರುವವರು ತಮ್ಮ ಲೇಖನವನ್ನು ಓದುತ್ತಾರೆ. ‘ಕೊಬ್ಬು ಕರಗಿಸುತ್ತದೆ’ ಎಂದು ಅವರಿಗೆ ಹೇಳಿಕಳುಹಿಸಲು ನನಗೆ ಮನಸ್ಸಿಲ್ಲ.

ಎರಡನೆಯ ಮತ್ತು ಐದನೆಯ ಪುಟಗಳನ್ನು ಹೊಸದಾಗಿ ಬರೆದು ಮುಂದಿನ ತಿಂಗಳ 10ರೊಳಗೆ ಕಳುಹಿಸಿಕೊಡಿ. ತಲೆಬರಹವನ್ನೂ ಬದಲಿಸಿ. ಗುಬ್ಬಚ್ಚಿಯ ಒಂದು ಫೋಟೋ ಸಿಕ್ಕರೆ ಜೊತೆಗಿರಲಿ.

ಇಂತು,
ಸಂಪಾದಕ