ಹೋಂಸ್ಟೇಗೆ ಈಜುಕೊಳ ಬೇಕೇ ಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ತೋಟದ ಹಳೇ ಮನೆಯನ್ನು ಹೋಂಸ್ಟೇ ಮಾಡಿದ್ದೇವೆ, ಮೂರು ರೂಮು. ಬೆಂಗಳೂರಿನವರು ಫೋನ್ ಮಾಡಿದರೆ ಮೊದಲು ಕೇಳುವುದೇ ‘ಪೂಲ್ ಇದೆಯಾ’ ಅಂತ. ಕಟ್ಟಿಸಿದರೆ ಹಾಕಿದ ದುಡ್ಡು ವಾಪಸ್ ಬರುತ್ತಾ ಸಾರ್?

ಉತ್ತರ: ಕೇಳುತ್ತಾರೆ, ನಿಜ. ಕೇಳಿದವರೆಲ್ಲ ನೀರಿಗೆ ಇಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಮಳೆ, ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತೆ, ಹಾಗಾಗಿ ಕೊಳಕ್ಕೆ ಜನ ಸಿಗುವುದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ.

ಖರ್ಚು ಮಾತ್ರ ವರ್ಷಪೂರ್ತಿ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಚಿಕ್ಕ ಕೊಳಕ್ಕೇ ಸುಮಾರು 22,600 ಲೀಟರ್ ನೀರು ಬೇಕು. ಫಿಲ್ಟರಿನ 1 ಎಚ್‌ಪಿ ಪಂಪು ದಿನಕ್ಕೆ 8 ಗಂಟೆ ಓಡಿದರೆ ಹತ್ತಿರ ಹತ್ತಿರ 6 ಯೂನಿಟ್ ಕರೆಂಟು. ಕ್ಲೋರಿನ್ ಹಾಕಬೇಕು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರ ಒಳಗಿದೆಯಾ ನೋಡುತ್ತಿರಬೇಕು, ಸಿಲ್ವರ್ ಓಕ್ ಎಲೆಯನ್ನು ದಿನಾ ಬಲೆಯಲ್ಲಿ ತೆಗೆಯಬೇಕು. ಸ್ವಲ್ಪ ಅಸಡ್ಡೆ ಮಾಡಿದರೂ ಪಾಚಿ. ಅದೂ ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೀರೋ, ಕೊಳ ತುಂಬಿಸುತ್ತೀರೋ? (ಮನೆಯಲ್ಲಿ ಜಗಳ ಗ್ಯಾರಂಟಿ.)

ಇಡೀ ಮನೆಯನ್ನು ಹತ್ತು ಹನ್ನೆರಡು ಜನರ ಗುಂಪಿಗೆ ಕೊಡುವವರಾಗಿದ್ದರೆ ಕಟ್ಟಿಸಿ ಅನ್ನುತ್ತಿದ್ದೆ, ಅಂಥವರು ಕೊಳ ಇದ್ದರೆ ಬಾಡಿಗೆ ಜಾಸ್ತಿ ಕೊಡೋಕೂ ತಯಾರು. ಮೂರು ರೂಮಿಗೆ ಬೇಡ. ಆ ದುಡ್ಡಲ್ಲಿ ಬಾತ್‌ರೂಮ್ ಸರಿಮಾಡಿಸಿ, ಬಿಸಿನೀರು ಇಪ್ಪತ್ನಾಲ್ಕು ಗಂಟೆ ಬರಲಿ.

ಕಟ್ಟಿಸಿಯೇ ತೀರುತ್ತೀರಾದರೆ ಸುತ್ತ ಬೇಲಿ, ಬೀಗ ಹಾಕುವ ಗೇಟು ಮೊದಲು. ಆಳ 4 ಅಡಿ ದಾಟುವುದು ಬೇಡ. ಕುಡಿದವರನ್ನು ಮತ್ತು ಕತ್ತಲಾದ ಮೇಲೆ ಯಾರನ್ನೂ ನೀರಿಗೆ ಬಿಡಬೇಡಿ, ಗಿರಾಕಿ ಮುನಿಸಿಕೊಂಡರೂ ಸರಿ.