ಐರ್ಲೆಂಡ್‌ನಲ್ಲಿ ಅಭ್ಯರ್ಥಿಗಳು ಮನೆಬಾಗಿಲಿಗೆ ಬಂದು ‘ಎರಡನೇ ಮತವಾದರೂ ಕೊಡಿ’ ಅನ್ನುವುದೇಕೆ? ಪ್ರಣಾಳಿಕೆ ಓದಿದರೆ ಸಾಲದೇ?

ಅಲ್ಲಿ ಎರಡನೇ ಮತವೂ ಸೀಟು ಗೆಲ್ಲಿಸುತ್ತದೆ, ಅದಕ್ಕೇ ಕೇಳುತ್ತಾರೆ. ಮತಪತ್ರದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ನಮ್ಮ ಇಷ್ಟದ ಕ್ರಮ ಬರೆಯಬೇಕು. ಒಂದು ಕ್ಷೇತ್ರದಿಂದ 3ರಿಂದ 5 ಜನ ಆಯ್ಕೆಯಾಗುತ್ತಾರೆ.

4 ಸೀಟಿನ ಕ್ಷೇತ್ರದಲ್ಲಿ 50,000 ಸಿಂಧು ಮತ ಬಿದ್ದಿವೆ ಅನ್ನಿ. ಅದನ್ನು ಸೀಟುಗಳಿಗಿಂತ ಒಂದು ಹೆಚ್ಚು, ಅಂದರೆ 5ರಿಂದ ಭಾಗಿಸಿ ಒಂದು ಕೂಡಿಸಿದರೆ 10,001. ಅಷ್ಟು ಮುಟ್ಟಿದವರು ಗೆದ್ದರು. ಅವರಿಗೆ ಬಿದ್ದ ಹೆಚ್ಚುವರಿ ಮತಗಳೂ, ಕಡೇ ಸ್ಥಾನದಲ್ಲಿದ್ದು ಹೊರಬಿದ್ದವರ ಮತಗಳೂ ಮುಂದಿನ ಆಯ್ಕೆಯವರಿಗೆ ಹೋಗುತ್ತವೆ. ಮೊದಲ ಸುತ್ತಿನಲ್ಲಿ ಐದನೆಯವರಾಗಿದ್ದವರು ಹೀಗೆ ಬಂದ ಮತಗಳಿಂದಲೇ ಗೆದ್ದುಬಿಡಬಹುದು. ಒಂದೇ ಪಕ್ಷದ ಇಬ್ಬರು ಅದೇ ಕ್ಷೇತ್ರದಲ್ಲಿ ನಿಂತಿರುವುದೂ ಮಾಮೂಲು. ಆಗ ಪ್ರಣಾಳಿಕೆ ಒಂದೇ, ಮತ ಕೇಳಲು ಉಳಿಯುವುದು ಮುಖಪರಿಚಯ ಮತ್ತು ಊರಿನ ಕೆಲಸ. ಆದ್ದರಿಂದ ಬಾಗಿಲು ತಟ್ಟದೆ ಗತ್ಯಂತರವಿಲ್ಲ.

ಇನ್ನು ಪ್ರಣಾಳಿಕೆ. ಖಂಡಿತ ಓದಿ, ಆದರೆ ಒಂದೇ ಪಕ್ಷದ್ದನ್ನಲ್ಲ. 2024ರ ನವೆಂಬರ್ 29ರ ಚುನಾವಣೆಯಲ್ಲಿ ಸಂಸತ್ತಿನ ಕೆಳಮನೆಯ 174 ಸ್ಥಾನಗಳ ಪೈಕಿ ಫಿಯಾನಾ ಫಾಯ್ಲ್ ಪಕ್ಷಕ್ಕೆ 48, ಶಿನ್ ಫೇನ್‌ಗೆ 39, ಫಿನ ಗೇಲ್‌ಗೆ 38 ಬಂದವು. ಬಹುಮತಕ್ಕೆ 88 ಬೇಕು. ಕೊನೆಗೆ ಫಿಯಾನಾ ಫಾಯ್ಲ್, ಫಿನ ಗೇಲ್ ಮತ್ತು ಕೆಲವು ಪಕ್ಷೇತರರು ಕೂಡಿ ಸರ್ಕಾರ ಮಾಡಿದರು. ಮೈತ್ರಿಯ ಮಾತುಕತೆಯಲ್ಲಿ ಎಷ್ಟೋ ಭರವಸೆಗಳು ಕರಗುತ್ತವೆ. ಹಾಗಾಗಿ ವಸತಿಯಂಥ ನಿಮಗೆ ಮುಖ್ಯವಾದ ಒಂದೆರಡು ವಿಷಯ ಹಿಡಿದು, ಜೊತೆಗೂಡಬಹುದಾದ ಪಕ್ಷಗಳು ಎಲ್ಲಿ ಒಪ್ಪುತ್ತವೆ ಎಂದು ಪಕ್ಕಪಕ್ಕ ಇಟ್ಟು ನೋಡುವುದು ಹೆಚ್ಚು ಉಪಯುಕ್ತ.